ಆರನೆಯ ತರಗತಿಯ ಮಕ್ಕಳಿಗೆ ಇತಿಹಾಸಕಾರರ ಮತ್ತು ಭೂಗೋಳಜ್ಞರ ಕೆಲಸವನ್ನು ತೋರಿಸುವುದು ಹೇಗೆ?

ಸಮಾಜ ವಿಜ್ಞಾನ ಶಿಕ್ಷಕಿ, ಮದ್ದೂರು ತಾಲ್ಲೂಕು

ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಸಮಾಜ ವಿಜ್ಞಾನವನ್ನು ಬೋಧಿಸುತ್ತೇನೆ. ಇತಿಹಾಸದ ಮೊದಲ ಪಾಠವನ್ನು ನಮ್ಮಲ್ಲಿ ಬಹುತೇಕರು ಒಂದೇ ರೀತಿಯಲ್ಲಿ ಮುಗಿಸುತ್ತೇವೆ. ಆಧಾರಗಳು ಎರಡು ಬಗೆ, ಸಾಹಿತ್ಯಾಧಾರ ಮತ್ತು ಪುರಾತತ್ವಾಧಾರ. ಸಾಹಿತ್ಯದಲ್ಲಿ ದೇಶೀಯ, ವಿದೇಶೀಯ. ಪುರಾತತ್ವದಲ್ಲಿ ಶಾಸನ, ನಾಣ್ಯ, ಸ್ಮಾರಕ. ಕಪ್ಪುಹಲಗೆಯ ಮೇಲೆ ಈ ಕವಲುಗಳನ್ನು ಬರೆದರೆ ಮಕ್ಕಳು ನಕಲು ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಒಂದು ಕಲ್ಲಿನ ಮೇಲಿನ ಅಕ್ಷರಗಳಿಂದ ಒಬ್ಬ ದೊರೆಯ ಕಾಲ ಹೇಗೆ ಗೊತ್ತಾಯಿತು, ಗೊತ್ತಾಯಿತೆಂದು ಹೇಳುವವರನ್ನು ನಾವು ಯಾಕೆ ನಂಬಬೇಕು ಎಂಬ ಪ್ರಶ್ನೆ ಅವರಲ್ಲಿ ಏಳುವುದೇ ಇಲ್ಲ.

ಭೂಗೋಳದ ಸ್ಥಿತಿ ಇನ್ನೂ ಕೆಟ್ಟದಾಗಿದೆ. ನಕ್ಷೆಯೆಂದರೆ ನದಿಗೆ ನೀಲಿ ಬಣ್ಣ ಬಳಿಯುವ ಹಾಳೆ ಎಂದೇ ಮಕ್ಕಳು ತಿಳಿದಿದ್ದಾರೆ. ಆ ಗೆರೆಯನ್ನು ಮೊದಲು ಯಾರೋ ಅಳೆದು ಎಳೆದಿರಬೇಕು ಎಂಬ ಕಲ್ಪನೆ ಅವರಿಗಿಲ್ಲ.

ಈ ವರ್ಷ ಮೊದಲ ತಿಂಗಳಲ್ಲಿ ಪಟ್ಟಿಯನ್ನು ಬದಿಗಿಟ್ಟು, ಕೆಲಸವನ್ನೇ ಮಾಡಿಸಿ ನೋಡಬೇಕೆಂದಿದ್ದೇನೆ. ಬಸ್ಸಿಗೆ ಹಣವಿಲ್ಲ, ಪ್ರಯೋಗಾಲಯವಿಲ್ಲ, ನಲವತ್ತು ನಿಮಿಷದ ಅವಧಿಯೇ ಗತಿ. ಇಂತಹ ಪ್ರಯತ್ನ ಮಾಡಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಶಾಸನಶಾಸ್ತ್ರದ ಅಭ್ಯಾಸಿ, ಮೈಸೂರು

ನೀವು ಮದ್ದೂರು ತಾಲ್ಲೂಕಿನವರಾದ್ದರಿಂದ ದೂರ ಹುಡುಕುವ ಅಗತ್ಯವೇ ಇಲ್ಲ. ಆತಕೂರಿನ ಶಾಸನ ನಿಮ್ಮ ತಾಲ್ಲೂಕಿನದೇ. ಮೂಲ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚಿತ್ರವೂ ಶಾಸನದ ಬರಹವೂ ಸುಲಭವಾಗಿ ಸಿಗುತ್ತವೆ. ಹನ್ನೊಂದು ವರ್ಷದ ಮಗುವಿನ ಕುತೂಹಲಕ್ಕೆ ಹಿಡಿಸುವ ಇಂತಹ ಇನ್ನೊಂದು ಕಲ್ಲನ್ನು ನಾನು ಕಂಡಿಲ್ಲ, ಏಕೆಂದರೆ ಅದು ಒಂದು ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು.

ಸಂಗತಿ ಹೀಗಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನೂ ಅವನ ಪಕ್ಷದ ಗಂಗ ದೊರೆ ಇಮ್ಮಡಿ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಎದುರಿಸಿದರು, ರಾಜಾದಿತ್ಯ ಸತ್ತನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಬೇಕಾದುದನ್ನು ಕೇಳಿಕೊಳ್ಳುವ ಅವಕಾಶ ಸಿಕ್ಕಿತು. ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ನಾಯಿಯನ್ನು ಕೇಳಿಕೊಂಡನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟಲೆಂದು ಬರೆಸಿದರು. ನಾಯಿ ಹಂದಿಯೊಡನೆ ಹೋರಾಡುತ್ತಿರುವ ಶಿಲ್ಪವೂ ಕಲ್ಲಿನ ಮೇಲಿದೆ.

ಈ ಕಥೆಯನ್ನು ಮೊದಲೇ ಹೇಳಿಬಿಟ್ಟರೆ ಪಾಠ ಕೆಟ್ಟಿತೆಂದೇ ತಿಳಿಯಿರಿ. ನನ್ನ ಸಲಹೆಯೆಂದರೆ ಮೊದಲ ದಿನ ಶಿಲ್ಪದ ಚಿತ್ರವನ್ನಷ್ಟೇ ತೋರಿಸಿ, ಏನು ನಡೆಯುತ್ತಿದೆ, ಇದನ್ನು ಕೆತ್ತಿಸಲು ಯಾರು ಖರ್ಚು ಮಾಡಿರಬಹುದು, ಯಾಕೆ ಮಾಡಿರಬಹುದು ಎಂದು ಮಕ್ಕಳಿಂದ ಬರೆಸಿಕೊಳ್ಳಿ. ಎರಡನೆಯ ದಿನ ಶಾಸನದ ಸಾರವನ್ನು ಸರಳ ಕನ್ನಡದಲ್ಲಿ ಕೊಡಿ. ತಮ್ಮ ಊಹೆಗಳಲ್ಲಿ ಯಾವುವು ನಿಂತವು, ಯಾವುವು ಬಿದ್ದವು ಎಂದು ಅವರೇ ಗುರುತು ಹಾಕಲಿ. ನಂತರ ಕಲ್ಲು ಏನನ್ನು ಹೇಳುವುದಿಲ್ಲ ಎಂದು ಕೇಳಿ. ಪೂಜೆಗೆ ಬಿಟ್ಟ ಭೂಮಿಯನ್ನು ಉತ್ತವರು ಯಾರು? ಕಲ್ಲನ್ನು ಕೆತ್ತಿದವನು ಊರಿನವನೇ, ಹೊರಗಿನವನೇ? ಯುದ್ಧದಲ್ಲಿ ಸತ್ತ ಸಾಮಾನ್ಯ ಸೈನಿಕರ ಹೆಸರುಗಳು ಎಲ್ಲಿ? ಮಣಲೇರನ ಕಲ್ಲು ಮಣಲೇರನನ್ನು ಹೊಗಳುವುದು ಸಹಜವಾದ್ದರಿಂದ, ಅವನ ಶೌರ್ಯದ ಬಗ್ಗೆ ಅದು ಹೇಳುವ ಮಾತಿಗೆ ಎಷ್ಟು ತೂಕ ಕೊಡಬೇಕು? ಈ ಕೊನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳು ಪದವಿ ವಿದ್ಯಾರ್ಥಿಗಳ ಉತ್ತರಗಳಿಗಿಂತ ನೇರವಾಗಿರುತ್ತವೆ ಎಂಬುದು ನನ್ನ ಅನುಭವ.

ಮೂರನೆಯ ದಿನ ಕಾಲಗಣನೆ. ಶಾಸನವು ಶಕ ವರ್ಷ 872, ಸೌಮ್ಯ ಸಂವತ್ಸರ ಎನ್ನುತ್ತದೆ. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ಮಕ್ಕಳಿಗೆ ಗೊತ್ತಿದ್ದರೆ 950 ಎಂದು ಬರೆಯುತ್ತಾರೆ. ವಿದ್ವಾಂಸರು ಬರೆಯುವುದು 949–50 ಎಂದು. ಈ ವ್ಯತ್ಯಾಸವನ್ನು ಮುಚ್ಚಿಡದೆ ಅದರ ಮೇಲೆಯೇ ಕುಳಿತುಕೊಳ್ಳಿ. ಸಂವತ್ಸರಗಳ ಚಕ್ರ ಅರವತ್ತು ವರ್ಷಗಳದು. 1969ರ ಯುಗಾದಿಯಿಂದ 1970ರ ಯುಗಾದಿಯವರೆಗೆ ಸೌಮ್ಯ ಸಂವತ್ಸರವಿತ್ತು, 2029ರ ಯುಗಾದಿಗೆ ಮತ್ತೆ ಬರಲಿದೆ. 1969ರಿಂದ ಅರವತ್ತರಂತೆ ಹದಿನೇಳು ಸಲ ಹಿಂದೆ ಹೋದರೆ 949ಕ್ಕೆ ಬಂದು ನಿಲ್ಲುತ್ತೇವೆ. ಅಂದರೆ ಇಲ್ಲಿ 872 ಎಂದಿರುವುದು ಆಗ ನಡೆಯುತ್ತಿದ್ದ ವರ್ಷ, ಮುಗಿದಿದ್ದುದು 871. ವರ್ಷ ಯುಗಾದಿಯಿಂದ ಯುಗಾದಿಗೆ ಹೋಗುವುದರಿಂದ ಕ್ರಿಸ್ತಶಕದ ಎರಡು ವರ್ಷಗಳನ್ನು ಮುಟ್ಟುತ್ತದೆ. ಒಂದೇ ಕಲ್ಲಿನಲ್ಲಿರುವ ಎರಡು ಸುಳಿವುಗಳನ್ನು ಒಂದರಿಂದ ಇನ್ನೊಂದನ್ನು ಪರೀಕ್ಷಿಸುವ ಈ ಕೆಲಸವನ್ನು ಕೂಡುವುದು ಕಳೆಯುವುದು ಬಲ್ಲ ಯಾವ ಮಗುವಾದರೂ ಮಾಡಬಹುದು, ಮತ್ತು ಇತಿಹಾಸಕಾರರು ಮಾಡುವುದೂ ಇದನ್ನೇ.

ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು

ಉತ್ಸಾಹಕ್ಕೆ ನನ್ನ ವಿರೋಧವಿಲ್ಲ, ಆದರೆ ಎರಡು ಆಕ್ಷೇಪಗಳನ್ನು ದಾಖಲಿಸಬಯಸುತ್ತೇನೆ. ರಾಷ್ಟ್ರಕೂಟರು ಯಾರು, ಚೋಳರು ಯಾರು, ಒಬ್ಬರಿಗೊಬ್ಬರು ಯಾಕೆ ಕಾದಾಡಿದರು ಎಂದು ಗೊತ್ತಿಲ್ಲದ ಮಗುವಿನ ಮುಂದೆ ಆತಕೂರಿನ ಕಲ್ಲನ್ನು ಇಟ್ಟರೆ ಅದು ಊಹೆಯ ಆಟವಾಗುತ್ತದೆಯೇ ಹೊರತು ಇತಿಹಾಸವಾಗುವುದಿಲ್ಲ. ಆಧಾರವನ್ನು ಪ್ರಶ್ನಿಸುವುದಕ್ಕೂ ಒಂದಿಷ್ಟು ತಿಳಿವಳಿಕೆಯ ಬಂಡವಾಳ ಬೇಕು. ಅದು ಬರುವುದು ಪಾಠ ಕೇಳುವುದರಿಂದ, ಓದುವುದರಿಂದ, ಒಂದಿಷ್ಟು ಬಾಯಿಪಾಠದಿಂದ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಶಾಸನ ಬರೆಸಿದವನು ತನ್ನನ್ನೇ ಹೊಗಳಿಕೊಂಡಿದ್ದಾನೆ, ಇತಿಹಾಸಕಾರರು ಮತ್ತೆ ಮತ್ತೆ ಅಭಿಪ್ರಾಯ ಬದಲಿಸುತ್ತಾರೆ ಎಂದು ಚಿಕ್ಕ ವಯಸ್ಸಿನಲ್ಲಿಯೇ ಹೇಳಿದರೆ, ಇದೆಲ್ಲ ಅವರವರ ಅಭಿಪ್ರಾಯ, ನಮ್ಮ ಅಭಿಪ್ರಾಯವೂ ಅಷ್ಟೇ ಸರಿ ಎಂಬ ತೀರ್ಮಾನಕ್ಕೆ ಮಗು ಬರುತ್ತದೆ. ಮೊಬೈಲಿನಲ್ಲಿ ಬರುವ ಕಟ್ಟುಕಥೆಗಳ ಈ ಕಾಲದಲ್ಲಿ ಅದು ಅಪಾಯಕಾರಿ.

ಶಾಸನಶಾಸ್ತ್ರದ ಅಭ್ಯಾಸಿ, ಮೈಸೂರು

ಮೊದಲ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಕಲ್ಲನ್ನು ತೋರಿಸುವ ಮೊದಲು ಒಂದು ಭೂಪಟ, ಮೂರು ರಾಜಮನೆತನಗಳ ಹೆಸರು ಮತ್ತು ಒಂದು ಕಾಲರೇಖೆ ಬೇಕೇ ಬೇಕು. ಆದರೆ ಎಲ್ಲವನ್ನೂ ಕಲಿಸಿದ ಮೇಲೆ ಆಧಾರಕ್ಕೆ ಬರೋಣ ಎಂದರೆ ಹತ್ತನೆಯ ತರಗತಿಯಾದರೂ ಆ ದಿನ ಬರುವುದಿಲ್ಲ.

ಎರಡನೆಯದಕ್ಕೆ ಅದೇ ಕಲ್ಲಿನಿಂದಲೇ ಉತ್ತರಿಸಬಹುದು. ರಾಜಾದಿತ್ಯನನ್ನು ಬೂತುಗ ಕೊಂದ ಬಗೆಯನ್ನು ಹೇಳುವ ಭಾಗದ ಕೆಲವು ಅಕ್ಷರಗಳನ್ನು ಹಿಂದೆ ಒಂದು ಬಗೆಯಲ್ಲಿ ಬಿಡಿಸಿ ಓದಿದಾಗ ಅವನು ಮೋಸದಿಂದ ಕೊಂದನೆಂಬ ಅರ್ಥ ಹೊರಟಿತ್ತು. ಗಂಗ ದೊರೆಯ ಮೇಲೆ ವಿಶ್ವಾಸಘಾತದ ಆರೋಪವೂ ಬಂದಿತ್ತು. ಅದೇ ಅಕ್ಷರಗಳನ್ನು ಆನೆಯ ಮೇಲಿನ ಅಂಬಾರಿಯೇ ಕಾಳಗದ ಕಳನಾಯಿತು ಎಂದು ಓದಿದಾಗ ಆರೋಪ ಬಿದ್ದುಹೋಯಿತು. ಇವೆರಡರಲ್ಲಿ ಯಾವುದಾದರೂ ಸರಿಯೆಂದು ಯಾರೂ ಸುಮ್ಮನಾಗಲಿಲ್ಲ. ಮೋಸದಿಂದ ಕೊಂದನೆಂದು ತಮ್ಮ ದೊರೆಯನ್ನು ಹೊಗಳುವ ಕಲ್ಲಿನಲ್ಲಿಯೇ ಯಾರಾದರೂ ಕೆತ್ತಿಸುತ್ತಾರೆಯೇ ಎಂದು ಕೇಳಿಕೊಂಡರು. ಎದುರು ಪಕ್ಷದ ಸಾಕ್ಷಿಯನ್ನೂ ನೋಡಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ಚೋಳರೇ ಬರೆಸಿದ, ಈಗ ಲೈಡನ್ ತಾಮ್ರಪಟಗಳೆಂದು ಹೆಸರಾಗಿರುವ ಶಾಸನವೂ ರಾಜಾದಿತ್ಯ ಆನೆಯ ಮೇಲೆ ಕುಳಿತಿದ್ದಾಗಲೇ ಮಡಿದನೆಂದು ಹೇಳುತ್ತದೆ. ಸೋತವರೂ ಗೆದ್ದವರೂ ಆನೆಯ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತಿರುವಾಗ ಆ ಓದಿಗೆ ಬಲ ಹೆಚ್ಚು. ಅಭಿಪ್ರಾಯಗಳು ಸಮಾನವಲ್ಲ ಎಂಬುದನ್ನು ಉಪದೇಶಕ್ಕಿಂತ ಚೆನ್ನಾಗಿ ಈ ಪ್ರಸಂಗ ಕಲಿಸುತ್ತದೆ.

ಬೆಂಗಳೂರಿನ ಮಕ್ಕಳಿಗಾದರೆ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು ಇದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಹೆಸರು ಬಂತೆಂಬ ಕಥೆ ಎಲ್ಲರಿಗೂ ಗೊತ್ತು. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಸುಮಾರಿನ ಆ ಕಲ್ಲಿನಲ್ಲಿ ಬೆಂಗಳೂರಿನ ಕಾಳೆಗದ ಮಾತು ಬಂದಿದೆ. ಕಾಲರೇಖೆಯ ಮೇಲೆ ಎರಡನ್ನೂ ಇಡಲು ಹೇಳಿದರೆ ಸಾಕು. ಶಿಕ್ಷಕರು ಬೇರೆ ಏನನ್ನೂ ಹೇಳಬೇಕಿಲ್ಲ.

ಪ್ರೌಢಶಾಲಾ ಶಿಕ್ಷಕ, ಬಳ್ಳಾರಿ ಜಿಲ್ಲೆ

ಶಾಸನವೇ ಇಲ್ಲದ ಕಾಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಕುಡತಿನಿಯಲ್ಲಿ, ಹಂಪಿಯ ಬಳಿಯ ನಿಂಬಾಪುರದಲ್ಲಿ ಬೂದಿದಿಬ್ಬಗಳಿವೆ. ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬುತ್ತಾರೆ. ಕಿಷ್ಕಿಂಧೆಯ ನೆಲದಲ್ಲಿ ಆ ನಂಬಿಕೆ ಹುಟ್ಟದೆ ಇದ್ದರೇ ಆಶ್ಚರ್ಯವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳು ಜ್ವಾಲಾಮುಖಿಯಿಂದ ಹಿಡಿದು ಸಾಮೂಹಿಕ ದಹನದವರೆಗೆ ಏನೇನೋ ಊಹಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇದು ದನದ ಸಗಣಿಯನ್ನು ಸುಟ್ಟ ಬೂದಿ ಎಂದರು. ಅದು ಖಚಿತವಾದದ್ದು ಬಹಳ ತಡವಾಗಿ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅವರು ಈಗಿನ ತೆಲಂಗಾಣದಲ್ಲಿರುವ ಉತ್ನೂರಿನ ದಿಬ್ಬವನ್ನು ಅಗೆದಾಗ ಮರದ ಕಂಬಗಳ ಕುಳಿಗಳೂ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಬೂದಿಯ ಪ್ರಯೋಗಾಲಯದ ಪರೀಕ್ಷೆಯೂ ಸಗಣಿಯತ್ತಲೇ ಬೆರಳು ಮಾಡಿತು. ಅಂದರೆ ನೂತನ ಶಿಲಾಯುಗದ ದನಗಾಹಿಗಳು ದೊಡ್ಡಿ ಕಟ್ಟಿ, ಸಗಣಿ ಒಟ್ಟಿ, ಮತ್ತೆ ಮತ್ತೆ ಬೆಂಕಿ ಹಾಕಿದ್ದರು.

ಯಾಕೆ ಹಾಕಿದರು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಆಲ್ಚಿನ್ ಅವರು ಹಬ್ಬದ ಆಚರಣೆಯ ಕಡೆಗೆ ಒಲಿದರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ದಿನ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಅದು ಅಸಂಭವವೆನಿಸುವುದಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಉತ್ಖನನ ನಡೆಸಿದ ಕೆ. ಪದ್ದಯ್ಯ ಅವರು ದಿಬ್ಬದ ಪಕ್ಕದಲ್ಲಿಯೇ ಜನವಸತಿಯಿದ್ದುದನ್ನು ತೋರಿಸಿ, ಇವು ಬರಿಯ ದೊಡ್ಡಿಗಳಲ್ಲ ಎಂದರು. ನನ್ನ ತರಗತಿಯಲ್ಲಿ ದನ ಸಾಕುವ ಮನೆಯ ಮಕ್ಕಳೇ ಹೆಚ್ಚು. ಸಗಣಿಯನ್ನು ಗೊಬ್ಬರಕ್ಕೆ ಹಾಕದೆ ಸುಡುವುದೆಂದರೆ ಏನು, ಒಂದು ವರ್ಷದಲ್ಲಿ ಒಂದು ದನದಿಂದ ಎಷ್ಟು ಸಗಣಿ ಬರುತ್ತದೆ, ಅಷ್ಟು ಎತ್ತರದ ದಿಬ್ಬಕ್ಕೆ ಎಷ್ಟು ತಲೆಮಾರು ಬೇಕಾಗಬಹುದು ಎಂದು ಅವರು ಮಾಡುವ ಲೆಕ್ಕ ನನಗೂ ಹೊಸದು. ವಾಲಿಯ ಕಥೆಯನ್ನು ಹೀಗಳೆಯುವುದಿಲ್ಲ; ಜನ ಒಂದು ಜಾಗವನ್ನು ಹೇಗೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂಬ ಬೇರೆ ಪ್ರಶ್ನೆಗೆ ಅದು ಆಧಾರ ಎಂದು ಹೇಳುತ್ತೇನೆ.

ಒಂದು ಎಚ್ಚರಿಕೆ. ಕಲ್ಲಿನ ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಬಳಿಯಲು ಬಿಡಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ, ಅಥವಾ ಕೊಡೆಯ ನೆರಳಿನಲ್ಲಿ ಪಕ್ಕದಿಂದ ಟಾರ್ಚ್ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ದಿಬ್ಬದಿಂದ ಮಡಕೆ ಚೂರು ಆರಿಸಿ ಜೇಬಿಗೆ ಹಾಕಿಕೊಳ್ಳುವುದನ್ನೂ ತಡೆಯಬೇಕು. ಇದ್ದ ಜಾಗ ಗೊತ್ತಿಲ್ಲದ ಚೂರು ಯಾರ ಉಪಯೋಗಕ್ಕೂ ಬರುವುದಿಲ್ಲ.

ಪೋಷಕಿ, ಬೆಂಗಳೂರು

ಶಿಕ್ಷಕರಲ್ಲದವರ ಒಂದು ಕೋರಿಕೆ. ಇತಿಹಾಸ ತನ್ನ ಮನೆಯಿಂದಲೇ ಆರಂಭವಾಗಬೇಕೆಂದು ಅನೇಕ ಶಾಲೆಗಳು ಮೊದಲ ವಾರವೇ ವಂಶವೃಕ್ಷ ಬರೆದು ತರಲು ಹೇಳುತ್ತವೆ. ತಂದೆಯ ಹೆಸರನ್ನು ಹೇಳಲಾಗದ, ಹಾಸ್ಟೆಲಿನಲ್ಲಿ ಬೆಳೆಯುತ್ತಿರುವ, ಅಜ್ಜನ ಆಚೆಗೆ ಯಾರ ಹೆಸರೂ ಕಾಗದದಲ್ಲಿ ಇಲ್ಲದ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಮನೆತನದ ಹಿರಿಮೆಯ ಜೊತೆಗೆ ಜಾತಿಯ ಹಿರಿಮೆಯೂ ಗೋಡೆಯ ಮೇಲೇರುತ್ತದೆ. ಅದರ ಬದಲು ಒಂದು ವಸ್ತುವಿನ ಇತಿಹಾಸವನ್ನು ಕೇಳಬಹುದು: ಶಾಲೆಯ ಗಂಟೆ, ಊರಿನ ಬಾವಿ, ಹಳೆಯ ಪಡಿತರ ಚೀಟಿ. ಅವು ಎಲ್ಲರವೂ ಹೌದು.

ಶಿಕ್ಷಕಿ, ಬಾಗಲಕೋಟೆ

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಾವು ವಂಶವೃಕ್ಷವನ್ನು ಬಿಟ್ಟು ಊರಿನ ನಕ್ಷೆಯನ್ನು ಹಿಡಿದೆವು. ಇತಿಹಾಸ ಯಾವುದು, ಭೂಗೋಳ ಯಾವುದು ಎಂಬ ಗೆರೆಯೇ ಅಲ್ಲಿ ಅಳಿಸಿಹೋಯಿತು.

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳು ಮುಳುಗಿ, ಜನರು ನವನಗರಕ್ಕೆ ಬಂದ ಸಂಗತಿ ಎಲ್ಲರಿಗೂ ತಿಳಿದಿದೆ. ನಮ್ಮ ಮಕ್ಕಳು ಹುಟ್ಟಿದ್ದೇ ನವನಗರದಲ್ಲಿ. ಮುಳುಗಿದ ಓಣಿಗಳ ನಕ್ಷೆಯನ್ನು ಹಿರಿಯರ ನೆನಪಿನಿಂದ ಬರೆದು ತರಲು ಹೇಳಿದೆ. ಬಂದ ನಕ್ಷೆಗಳು ಒಂದಕ್ಕೊಂದು ಹೊಂದಲಿಲ್ಲ. ಅಂಗಡಿಯಿಟ್ಟಿದ್ದವರ ನೆನಪಿನಲ್ಲಿ ಪೇಟೆ ದೊಡ್ಡದಾಗಿತ್ತು, ಹೊಳೆಗೆ ಬಟ್ಟೆ ಒಯ್ಯುತ್ತಿದ್ದ ಅಜ್ಜಿಯರ ನಕ್ಷೆಯಲ್ಲಿ ಹೊಳೆಯ ದಾರಿಯೊಂದೇ ಉದ್ದಕ್ಕೆ ಚಾಚಿತ್ತು, ಕೆಲವರ ನಕ್ಷೆಯಲ್ಲಿ ಕೆಲವು ಓಣಿಗಳೇ ಇರಲಿಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಮಕ್ಕಳ ಮೊದಲ ಪ್ರಶ್ನೆ. ಯಾರೂ ಹೇಳುತ್ತಿಲ್ಲ ಎಂದು ಅವರಿಗೆ ಮನವರಿಕೆಯಾಗಲು ಒಂದು ವಾರ ಹಿಡಿಯಿತು. ನಂತರ ಇಬ್ಬರು ಮೂವರು ಹೇಳಿದ್ದು ಹೊಂದುವ ಗುರುತುಗಳನ್ನು, ಅಂದರೆ ಗುಡಿ, ಮಸೀದಿ, ಶಾಲೆ, ದೊಡ್ಡ ಮರ ಇವುಗಳನ್ನು, ಮೊದಲು ಹಾಳೆಯ ಮೇಲೆ ಇಟ್ಟು, ಉಳಿದವನ್ನು ಅವುಗಳಿಗೆ ಹೊಂದಿಸುತ್ತ ಹೋದೆವು. ಕೊನೆಗೆ ಕಂದಾಯ ಇಲಾಖೆಯ ಹಳೆಯ ನಕ್ಷೆಯೊಂದಿಗೆ ಹೋಲಿಸಿದಾಗ ದಿಕ್ಕುಗಳು ಚೆನ್ನಾಗಿ ಹೊಂದಿದವು, ದೂರಗಳು ಹೊಂದಲಿಲ್ಲ. ಅದರಲ್ಲಿ ಒಂದು ವಿಷಯ ನನಗೆ ಮುಖ್ಯವೆನಿಸಿತು: ಕಂದಾಯ ನಕ್ಷೆಯಲ್ಲಿ ಭೂಮಿಯ ಹದ್ದು ಇದೆ, ಹೊಳೆಗೆ ಹೋಗುವ ಕಾಲುದಾರಿ ಇಲ್ಲ. ಅಳತೆಯ ನಕ್ಷೆಯೂ ಯಾರದೋ ಅಗತ್ಯಕ್ಕೆ ತಯಾರಾದದ್ದೇ.

ಮಲಪ್ರಭೆಯ ದಂಡೆಯ ಶಾಲೆಗಳವರು 2009 ಮತ್ತು 2019ರ ನೆರೆಗಳನ್ನು ಹೀಗೆಯೇ ಬಳಸಬಹುದು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಗಳ ಮೇಲೆ ಗುರುತು ಇನ್ನೂ ಇರುವ ಊರುಗಳಿವೆ.

ಭೂಗೋಳ ಉಪನ್ಯಾಸಕ, ಧಾರವಾಡ

ಚರ್ಚೆ ಇತಿಹಾಸದ ಕಡೆಗೇ ವಾಲಿರುವುದರಿಂದ ಭೂಗೋಳಕ್ಕೆ ಸ್ವಲ್ಪ ಜಾಗ ಕೇಳುತ್ತೇನೆ.

ಮಳೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಬಾಟಲಿಯ ಮಳೆಮಾಪಕವನ್ನು ಅನೇಕರು ಮಾಡಿಸುತ್ತಾರೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ನೀರು ಎಂಬುದನ್ನು ಮೊದಲು ಹೇಳಿ. ಮಕ್ಕಳ ಅಳತೆಯನ್ನು ತಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಯೊಂದಿಗೆ ಹೋಲಿಸಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆ ಅಂಕಿಗಳನ್ನು ಪ್ರಕಟಿಸುತ್ತದೆ. ಎರಡೂ ಹೊಂದದಿದ್ದಾಗ ಮರದ ಕೆಳಗೆ ಇಟ್ಟಿದ್ದೆವೋ, ಗಾಳಿಗೆ ಬಾಟಲಿ ಓಲಿತ್ತೋ, ಅಥವಾ ಮಳೆಯೇ ಊರಿನ ಒಂದು ಕಡೆ ಮಾತ್ರ ಬಂದಿತ್ತೋ ಎಂದು ಹುಡುಕುವುದೇ ಪಾಠ.

ನಾನು ಹೇಳಬಯಸುವುದು ನೆರಳಿನ ಪ್ರಯೋಗದ ಬಗ್ಗೆ. ಬೀದರ್ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಚಾಮರಾಜನಗರ ಸುಮಾರು 11.9ರಲ್ಲಿ. ರೇಖಾಂಶದಲ್ಲಿ ಇವೆರಡರ ವ್ಯತ್ಯಾಸ ಬಹಳ ಕಡಿಮೆ. ನಮ್ಮ ರಾಜ್ಯ ಉತ್ತರ ದಕ್ಷಿಣವಾಗಿ ಉದ್ದಕ್ಕಿರುವುದರ ಒಂದು ಲಾಭ ಇದು. ಎರಡೂ ಕಡೆ ಒಂದೊಂದು ಶಾಲೆಯವರು ಒಂದೇ ದಿನ ಒಂದು ಮೀಟರಿನ ಕೋಲನ್ನು ನೆಟ್ಟು, ನೆರಳು ಅತ್ಯಂತ ಗಿಡ್ಡವಾಗುವ ಹೊತ್ತಿನ ಉದ್ದವನ್ನು ಅಳೆಯಲಿ. ಡಿಸೆಂಬರ್ 21 ಅಥವಾ 22ರಂದು ಮಾಡಿದರೆ ಬೀದರಿನಲ್ಲಿ ಸುಮಾರು 88 ಸೆಂಟಿಮೀಟರ್, ಚಾಮರಾಜನಗರದಲ್ಲಿ ಸುಮಾರು 71 ಸೆಂಟಿಮೀಟರ್ ಬರಬೇಕು. ಕೋಲು ಮತ್ತು ನೆರಳನ್ನು ಬದಿಗಳಾಗಿಟ್ಟು ಹಾಳೆಯ ಮೇಲೆ ತ್ರಿಕೋನ ಬರೆದು, ಕೋಲಿನ ತುದಿಯ ಕೋನಕ್ಕೆ ಕೋನಮಾಪಕವಿಟ್ಟರೆ ಎರಡು ಊರುಗಳ ಕೋನಗಳ ವ್ಯತ್ಯಾಸ ಆರು ಡಿಗ್ರಿ ಸಿಗುತ್ತದೆ. ಎರಡೂ ಊರುಗಳ ನೇರ ಅಂತರ ಸುಮಾರು 666 ಕಿಲೋಮೀಟರ್. ಆರು ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು ಎಂದು ಕೇಳಿದಾಗ ಐದನೆಯ ತರಗತಿಯ ಗಣಿತದಿಂದ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂದು ಬರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಮಾಡಿದ ಲೆಕ್ಕವೇ ಇದು.

ಗಡಿಯಾರ ನೋಡಿ ಹನ್ನೆರಡಕ್ಕೆ ಅಳೆದರೆ ಲೆಕ್ಕ ಕೆಡುತ್ತದೆ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು; ಈ ಎರಡು ಊರುಗಳು ಅದರಿಂದ ಸುಮಾರು ಐದು ಡಿಗ್ರಿ ಪಶ್ಚಿಮದಲ್ಲಿವೆ, ಪ್ರತಿ ಡಿಗ್ರಿಗೆ ನಾಲ್ಕು ನಿಮಿಷ. ಹೀಗಾಗಿ ಅಲ್ಲಿನ ನಡುಹಗಲು ಸುಮಾರು 12 ಗಂಟೆ 20 ನಿಮಿಷಕ್ಕೆ. ಇದನ್ನು ಮೊದಲೇ ಹೇಳದೆ, ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ಅತಿ ಗಿಡ್ಡ ನೆರಳು ತಡವಾಗಿ ಬಂದದ್ದು ಏಕೆಂದು ಅವರೇ ಕೇಳುತ್ತಾರೆ.

ಶಿಕ್ಷಕ, ಬೀದರ್ ಜಿಲ್ಲೆ

ಬೀದರಿನ ಕಡೆಯ ಕೋಲಿಗೆ ನಮ್ಮ ಶಾಲೆ ಸಿದ್ಧವಿದೆ. ಆದರೆ ಒಂದು ಅನುಮಾನ. 666 ಕಿಲೋಮೀಟರ್ ಎಂಬ ಅಂತರವನ್ನು ನಾವು ತೆಗೆದುಕೊಳ್ಳುವುದು ನಕ್ಷೆಯಿಂದ. ಆ ನಕ್ಷೆಯನ್ನು ಮಾಡಿದವರಿಗೆ ಭೂಮಿಯ ಗಾತ್ರ ಮೊದಲೇ ಗೊತ್ತಿತ್ತಲ್ಲವೇ? ಹಾಗಿದ್ದರೆ ಗೊತ್ತಿರುವುದನ್ನೇ ಹಾಕಿ ಗೊತ್ತಿರುವುದನ್ನೇ ತೆಗೆದಂತಾಯಿತು. ಏಳನೆಯ ತರಗತಿಯ ಚುರುಕು ಹುಡುಗಿಯೊಬ್ಬಳು ಇದನ್ನು ಕೇಳಿಯೇ ಕೇಳುತ್ತಾಳೆ. ಹಗಲು ಇರುಳು ಸಮವಾಗುವ ಮಾರ್ಚ್ ಅಥವಾ ಸೆಪ್ಟೆಂಬರಿನ ವಿಷುವದಂದೇ ಇದನ್ನು ಮಾಡಬೇಕೆಂದು ಬೇರೆಡೆ ಓದಿದ್ದೆ; ಡಿಸೆಂಬರ್ ಆದರೂ ನಡೆಯುತ್ತದೆಯೇ?

ಭೂಗೋಳ ಉಪನ್ಯಾಸಕ, ಧಾರವಾಡ

ನಡೆಯುತ್ತದೆ. ನಮಗೆ ಬೇಕಾದದ್ದು ಎರಡು ಕೋನಗಳ ವ್ಯತ್ಯಾಸ ಮಾತ್ರ. ಸೂರ್ಯ ಎಷ್ಟು ದಕ್ಷಿಣಕ್ಕಿದ್ದರೂ ಅದು ಎರಡೂ ಊರಿಗೆ ಸಮಾನವಾಗಿ ಕೂಡುತ್ತದೆ. ಸೆಪ್ಟೆಂಬರಿನಲ್ಲಿ ಮೋಡ, ಮಾರ್ಚಿನಲ್ಲಿ ಪರೀಕ್ಷೆ. ಡಿಸೆಂಬರಿನಲ್ಲಿ ಆಕಾಶ ಶುಭ್ರವಾಗಿರುವುದು ಹೆಚ್ಚು, ನೆರಳೂ ಉದ್ದ. ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗದವರೆಗೆ, ಮತ್ತೆ ಆಗಸ್ಟಿನಲ್ಲಿ ಮಾತ್ರ ಎಚ್ಚರವಿರಲಿ: ಆಗ ನಡುಹಗಲಿನ ಸೂರ್ಯ ಎರಡು ಊರುಗಳ ನಡುವಿನ ಅಕ್ಷಾಂಶದಲ್ಲಿರುತ್ತಾನೆ, ನೆರಳು ಒಂದು ಕಡೆ ಉತ್ತರಕ್ಕೂ ಇನ್ನೊಂದು ಕಡೆ ದಕ್ಷಿಣಕ್ಕೂ ಬೀಳುತ್ತದೆ, ಕೋನಗಳನ್ನು ಕಳೆಯುವ ಬದಲು ಕೂಡಬೇಕಾಗುತ್ತದೆ.

ನಿಮ್ಮ ಅನುಮಾನ ಬೆಲೆಯುಳ್ಳದ್ದು, ಅದನ್ನು ಪಾಠದ ಕೇಂದ್ರಕ್ಕೇ ತನ್ನಿ. ದೂರವನ್ನು ಭೂಮಿಯ ಗಾತ್ರ ತಿಳಿಯದೆಯೂ ಅಳೆಯಬಹುದು, ಏಕೆಂದರೆ ಅದನ್ನು ನೆಲದ ಮೇಲೆಯೇ ಅಳೆದರು. ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸರಪಳಿ ಎಳೆದು, ಏಳು ಮೈಲಿಗಿಂತ ಹೆಚ್ಚು ಉದ್ದದ ಒಂದೇ ಗೆರೆಯನ್ನು ಅತ್ಯಂತ ಎಚ್ಚರಿಕೆಯಿಂದ ಅಳೆದನು. ಅಲ್ಲಿಂದ ಮುಂದೆ ದೂರಗಳನ್ನು ಸರಪಳಿಯಿಂದ ಅಳೆಯಲಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆದು, ತ್ರಿಕೋನಗಳಿಂದ ಲೆಕ್ಕ ಹಾಕುತ್ತ ಪಶ್ಚಿಮಕ್ಕೆ ಬಂದರು. ಲೆಕ್ಕ ದಾರಿ ತಪ್ಪಿಲ್ಲವೆಂದು ತಿಳಿಯುವುದು ಹೇಗೆ? 1804ರಲ್ಲಿ ಬೆಂಗಳೂರಿನ ಬಳಿ ಅಂತಹದೇ ಮತ್ತೊಂದು ಗೆರೆಯನ್ನು, ಅಂದರೆ ಆಧಾರರೇಖೆಯನ್ನು, ಸರಪಳಿಯಿಂದಲೇ ಅಳೆದು, ತ್ರಿಕೋನಗಳು ಹೇಳಿದ ಉದ್ದದೊಂದಿಗೆ ಹೋಲಿಸಿದರು. ವ್ಯತ್ಯಾಸ ಕೆಲವೇ ಇಂಚುಗಳಷ್ಟಿತ್ತು. ತ್ರಿಕೋನಗಳು ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ, ಹಳೆಯ ನಕ್ಷೆಗಳು ಸುಮಾರು 400 ಮೈಲಿ ಎಂದು ತೋರಿಸುತ್ತಿದ್ದ ಮದರಾಸು–ಮಂಗಳೂರು ನಡುವಿನ ಅಗಲ ಸುಮಾರು 360 ಮೈಲಿ ಮಾತ್ರ ಎಂದು ಗೊತ್ತಾಯಿತು. ನಲವತ್ತು ಮೈಲಿ ಅಗಲದ ನೆಲ ನಕ್ಷೆಯಿಂದ ಮಾಯವಾಯಿತು, ನೆಲದಲ್ಲಿ ಒಂದಿಂಚೂ ಕದಲಲಿಲ್ಲ.

ಶಾಲೆಯ ಮೈದಾನದಲ್ಲಿ ಇದನ್ನೇ ಮಾಡಬಹುದು. ಇಪ್ಪತ್ತು ಮೀಟರಿನ ಒಂದು ಗೆರೆಯನ್ನು ಟೇಪಿನಿಂದ ಅಳೆದು, ಅದರ ಎರಡೂ ತುದಿಗಳಿಂದ ಬೇಲಿಯಾಚೆಯ ತೆಂಗಿನ ಮರಕ್ಕೆ ಕೋನ ನೋಡಿ, ಹಾಳೆಯ ಮೇಲೆ ಸೆಂಟಿಮೀಟರಿಗೆ ಎರಡು ಮೀಟರಿನಂತೆ ಬರೆದರೆ ಮರದ ದೂರ ಸಿಗುತ್ತದೆ. ಆಮೇಲೆ ಬೇಲಿ ದಾಟಿ ಟೇಪಿನಿಂದ ಅಳೆದು ನೋಡುವುದನ್ನು ಬಿಡಬೇಡಿ. ಸ್ವತಃ ಪರೀಕ್ಷಿಸದ ಅಳತೆಯನ್ನು ಲ್ಯಾಂಬ್ಟನ್ ನಂಬಲಿಲ್ಲ, ಮಕ್ಕಳೂ ನಂಬಬೇಕಾಗಿಲ್ಲ.

ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು

ಬೆಂಗಳೂರಿನ ಆಧಾರರೇಖೆಯ ಈ ಪ್ರಸಂಗವೂ ಆತಕೂರಿನ ಸಂವತ್ಸರದ ಲೆಕ್ಕವೂ ಒಂದೇ ಜಾತಿಯವು ಎಂಬುದನ್ನು ಗಮನಿಸಿದೆ. ಎರಡರಲ್ಲಿಯೂ ಒಂದು ದಾರಿಯಿಂದ ಬಂದ ಉತ್ತರವನ್ನು ಇನ್ನೊಂದು ದಾರಿಯಿಂದ ಬಂದ ಉತ್ತರದೊಂದಿಗೆ ಹೋಲಿಸುತ್ತಾರೆ. ಇಷ್ಟನ್ನು ಆರನೆಯ ತರಗತಿಯಲ್ಲಿ ತಿಳಿಸಬಹುದಾದರೆ ನನ್ನ ಎರಡನೆಯ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಮೊದಲನೆಯದು ಹಾಗೆಯೇ ಇದೆ. ಕಾಲರೇಖೆಯನ್ನು ಗೋಡೆಯ ಮೇಲೆ ಬರೆಸದೆ ಕಲ್ಲಿಗೆ ಹೋಗಬೇಡಿ.

ಸಮಾಜ ವಿಜ್ಞಾನ ಶಿಕ್ಷಕಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಕಾಲರೇಖೆಯನ್ನು ಮೊದಲ ವಾರವೇ ಬರೆಸುತ್ತೇನೆ. ಆತಕೂರಿನ ಕಲ್ಲಿಗೆ ಮೂರು ಅವಧಿ, ತೆಂಗಿನ ಮರಕ್ಕೆ ಎರಡು. ನೆರಳಿನ ಪ್ರಯೋಗಕ್ಕೆ ನಮ್ಮ ಊರು ಬೀದರಿಗೂ ಚಾಮರಾಜನಗರಕ್ಕೂ ನಡುವೆ ಇರುವುದರಿಂದ ಮೂರನೆಯ ಕೋಲಾಗಿ ಸೇರಿಕೊಳ್ಳುತ್ತೇವೆ, ಸುಮಾರು 12.6 ಡಿಗ್ರಿಯಲ್ಲಿರುವ ನಮ್ಮ ನೆರಳು ಚಾಮರಾಜನಗರದ ನೆರಳಿಗಿಂತ ಎರಡು ಸೆಂಟಿಮೀಟರಿನಷ್ಟು ಮಾತ್ರ ಉದ್ದವಿರಬೇಕೆಂದು ಲೆಕ್ಕ ಹಾಕಿದ್ದೇನೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಮಕ್ಕಳು ಹಿಡಿಯಬಲ್ಲರೇ? ತಪ್ಪಿದರೆ ಎಷ್ಟು ತಪ್ಪುತ್ತದೆ?

ಭೂಗೋಳ ಉಪನ್ಯಾಸಕ, ಧಾರವಾಡ

ಮದ್ದೂರು ಮತ್ತು ಚಾಮರಾಜನಗರವನ್ನಷ್ಟೇ ಇಟ್ಟುಕೊಂಡರೆ ಹಿಡಿಯಲಾರರು. ಅರ್ಧ ಸೆಂಟಿಮೀಟರ್ ತಪ್ಪಿದರೂ ಭೂಮಿ ಕಾಲು ಭಾಗದಷ್ಟು ಉಬ್ಬುತ್ತದೆ ಅಥವಾ ಕುಗ್ಗುತ್ತದೆ. ಬೀದರಿನೊಂದಿಗೆ ಹೋಲಿಸಿದಾಗ ಒಂದು ಸೆಂಟಿಮೀಟರಿನ ತಪ್ಪಿಗೆ ಉತ್ತರದಲ್ಲಿ ಸುಮಾರು ಎರಡು ಸಾವಿರ ಕಿಲೋಮೀಟರ್ ಏರುಪೇರಾಗುತ್ತದೆ. ಈ ಎರಡು ಸಂಖ್ಯೆಗಳನ್ನು ಮಕ್ಕಳ ಮುಂದಿಡಿ. ದೂರದ ಊರನ್ನೇ ಏಕೆ ಆರಿಸಿದೆವೆಂದು ಆಗ ಬೇರೆ ವಿವರಣೆ ಬೇಕಾಗುವುದಿಲ್ಲ. ಪ್ರತಿ ಶಾಲೆಯಲ್ಲಿಯೂ ನಾಲ್ಕೈದು ಗುಂಪುಗಳು ಬೇರೆ ಬೇರೆಯಾಗಿ ಅಳೆದು, ಒಬ್ಬರ ಅಂಕಿಯನ್ನು ಇನ್ನೊಬ್ಬರು ನೋಡದೆ ಬರೆದಿಡಲಿ, ಹೊಂದದ ಅಂಕಿಯನ್ನು ಯಾರೂ ತಿದ್ದದಿರಲಿ. ಕೋಲು ನೆಟ್ಟಗಿದೆಯೇ ಎಂದು ನೋಡಲು ಗಾರೆಯವರ ತೂಗುಗುಂಡು ಸಾಕು; ನೆಲ ಸಮವಾಗಿದೆಯೇ ಎಂದು ನೋಡಲು ತಟ್ಟೆಯಲ್ಲಿ ನೀರು. ಚಾಮರಾಜನಗರದ ಕಡೆಯಿಂದ ಯಾರಾದರೂ ಒಬ್ಬ ಶಿಕ್ಷಕರು ಇಲ್ಲಿ ಉತ್ತರಿಸಿದರೆ ದಿನವನ್ನು ನಿಗದಿ ಮಾಡಬಹುದು.